ಒಂದು ಮೊಳ ಕೆಳಗೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಟೀಚರಮ್ಮನ ಹಿತ್ತಲಿನ ಮಾವಿನ ಮರಕ್ಕೆ ಆಗಲೇ ಏಣಿ ಒರಗಿದೆ. ಮೇಲೆ ಗರಗಸ ಹಿಡಿದ ಐವತ್ತೆಂಟರ ಮನುಷ್ಯ, ಕೆಳಗೆ ಏಣಿ ಒತ್ತಿ ಹಿಡಿದ ಹೆಂಡತಿ.

"ರೀ, ಕಾಲು ನೋಡ್ಕೊಳ್ಳಿ. ಮೂರನೇ ಸಲ ಬಿದ್ರೆ ಆಸ್ಪತ್ರೆಗೆ ಬರಲ್ಲ, ಸೀದಾ ತವರಿಗೆ ಹೋಗ್ತೀನಿ!"

"ಹೋಗೇ. ಈಗ ಮಾತ್ರ ಏಣಿ ಬಿಡಬೇಡ."

ಸುತ್ತಲಿನ ಬೀದಿಗಳಿಗೆಲ್ಲ ಇವರು 'ಬಂದಳಿಕೆ ಮಾವ'. ಮೊದಲು ಗೋಡೆಗೆ ಬಣ್ಣ ಬಳಿಯುತ್ತಿದ್ದರು, ಏಣಿ ಆ ಕಾಲದ್ದು. ಮರದ ಮೇಲೆ ಬೇರೂರಿ ಮರದ ರಸವನ್ನೇ ಹೀರುವ ಬಂದಳಿಕೆಯನ್ನು ಕಡಿಯುವುದು ಹತ್ತೊಂಬತ್ತು ವರ್ಷದ ಕಸುಬು. ದಿನಕ್ಕೆ ನಾಲ್ಕು ಮರ, ಮಳೆ ಬಂದರೆ ಒಂದೂ ಇಲ್ಲ. ಎರಡು ಸಲ ಬಿದ್ದಿದ್ದಾರೆ. ಎಡಗೈ ಈಗಲೂ ಪೂರ್ತಿ ಚಾಚುವುದಿಲ್ಲ.

"ಹಕ್ಕಿ ಹಣ್ಣು ತಿಂದು ಅಂಟುಬೀಜ ಕೊಂಬೆಗೆ ಒರೆಸಿ ಹೋಗುತ್ತೆ. ಅದರ ಮೇಲೆ ಕೇಸು ಹಾಕೋಕಾಗುತ್ತಾ?" ಎಂದು ನಗುತ್ತಾರೆ. "ಎಲೆ ಸವರಿದ್ರೆ ಇದು ಸಾಯಲ್ಲ. ಬೇರು ಕೊಂಬೆ ಒಳಗೇ ಇರುತ್ತೆ. ಅಂಟಿಕೊಂಡ ಜಾಗಕ್ಕಿಂತ ಒಂದು ಮೊಳ ಕೆಳಗೆ, ಕೊಂಬೆ ಸಮೇತ ಕಡೀಬೇಕು."

ಈ ಲೆಕ್ಕವನ್ನು ಅವರು ತಪ್ಪಿಸಿದ್ದು ಒಂದೇ ಸಲ, ಇದೇ ಮರದಲ್ಲಿ. ಮೂರು ವರ್ಷದ ಹಿಂದೆ ಬಂದಳಿಕೆ ಇದ್ದದ್ದು ಒಂದೇ ಕೊಂಬೆಗೆ. ಟೀಚರಮ್ಮನ ಮೊಮ್ಮಗಳ ಉಯ್ಯಾಲೆ ತೂಗುತ್ತಿದ್ದದ್ದೂ ಅದಕ್ಕೇ. "ಅದನ್ನ ಕಡೀಬೇಡಪ್ಪಾ, ಎಲೆ ಸವರು ಸಾಕು" ಎಂದಿದ್ದರು ಟೀಚರಮ್ಮ.

"ನನಗೆ ಅಕ್ಷರ ಕಲಿಸಿದವರು. ಎದುರು ಮಾತಾಡೋಕೆ ನಾಲಿಗೆ ಏಳಲಿಲ್ಲ. ಎರಡನೇ ಕ್ಲಾಸಿನ ಹುಡುಗನ ಹಾಗೆ 'ಸರಿ ಟೀಚರ್' ಅಂದ್ಬಿಟ್ಟೆ."

ಮರುವರ್ಷ ಬಿದ್ದು ಕೈ ಮುರಿಯಿತು, ಆಮೇಲೆ ಎರಡು ವರ್ಷ ಈ ಕಡೆ ಬರಲಾಗಲಿಲ್ಲ. ಈಗ ನಾಲ್ಕು ದೊಡ್ಡ ಕೊಂಬೆಗಳಲ್ಲಿ ಮೂರು ಒಣಗಿವೆ. ಉಯ್ಯಾಲೆಯ ಹಗ್ಗ ಸುರುಳಿ ಸುತ್ತಿಕೊಂಡು ಬಚ್ಚಲ ಬಾಗಿಲ ಮೊಳೆಗೆ ನೇತುಬಿದ್ದಿದೆ. ನಾಲ್ಕನೆಯ ಕೊಂಬೆಯ ನಡುವಿನಲ್ಲೂ ಬಂದಳಿಕೆ ಕಣ್ಣು ಬಿಟ್ಟಿದೆ. ಇದರ ಬುಡವಾದರೂ ಉಳಿದರೆ ಮರ ಉಳಿದೀತು.

ಅದಕ್ಕಿಂತ ಒಂದು ಮೊಳ ಕೆಳಗೆ ಗರಗಸ ಇಟ್ಟ ಮಾವ ಕೈ ತಡೆಯುತ್ತಾರೆ. ಆ ಜಾಗದಲ್ಲೇ ಮಾವಿನ ಒಂದು ಎಳೆ ಚಿಗುರು ಮೂಡಿದೆ. ಅದನ್ನು ಉಳಿಸಲು ಗರಗಸ ಗೇಣು ಮೇಲಕ್ಕೆ ಸರಿಯುತ್ತದೆ.

ಕೆಳಗೆ ಕೋಲೂರಿ ನಿಂತಿದ್ದ ಟೀಚರಮ್ಮ ಕತ್ತೆತ್ತುತ್ತಾರೆ. "ಕೆಳಗೆ ಕಡಿಯೋ. ಒಂದು ಮೊಳ ಅಂತ ಏಣಿ ಹತ್ತೋವಾಗ ನೀನೇ ಅಂದೆಯಲ್ಲ."

ಬಂದಳಿಕೆ ಮಾವ ಗರಗಸ ಎತ್ತಿಕೊಳ್ಳುತ್ತಾರೆ. ಬಂದಳಿಕೆಯಿಂದ ಕೆಳಕ್ಕೆ ಮೊಣಕೈ ಇಟ್ಟು ಮೊಳ ಅಳೆಯುತ್ತಾರೆ.

"ಆವತ್ತೂ ನಾನು ಹೀಗೆ ಅಂದಿದ್ರೆ, ನಿಮ್ಮ ಹತ್ರ ಬೈಸ್ಕೊಂಡಾದ್ರೂ ಕಡೀತಿದ್ದೆ ಟೀಚರ್. ನಾನು ಅನ್ನಲೇ ಇಲ್ಲ."