ಕೆಂಚಪ್ಪ ಹೊತ್ತು ತಂದ ಗಿಡ

ಮಸಗುಪ್ಪಿಯ ದೇಸಾಯರ ಬನದಲ್ಲಿ ಇನ್ನೂರು ಗಿಡಗಳಿದ್ದವು. ಅಷ್ಟರ ದಿನಚರಿಯೂ ಗಿಡ ನೋಡಿಕೊಳ್ಳುವ ಮಾಳಿ ಕೆಂಚಪ್ಪನ ನಾಲಿಗೆಯ ಮೇಲಿತ್ತು. ಸುರಗಿ ಯಾವ ವಾರ ಮೊಗ್ಗು ಹಿಡಿಯಿತು, ನಾಗಲಿಂಗ ಎಲೆ ಉದುರಿಸಿ ಎಷ್ಟು ದಿನಕ್ಕೆ ಚಿಗುರಿತು, ಬಿಕ್ಕೆಯ ಪೊದೆ ಈ ಸಲ ರೋಹಿಣಿ ಮಳೆಗೆ ಕಾಯಿ ಬಿಟ್ಟಿತೋ ಇಲ್ಲವೋ, ಕೇಳಿದರೆ ಮಗ್ಗಿ ಒಪ್ಪಿಸಿದಂತೆ ಹೇಳುತ್ತಿದ್ದ. ಅಕ್ಷರ ಮಾತ್ರ ಬರುತ್ತಿರಲಿಲ್ಲ. ಇದು ಸಾವಿರದ ಒಂಬೈನೂರ ಮೂವತ್ತರ ಆಚೀಚಿನ ಮಾತು. ಘಟಪ್ರಭೆಯ ದಂಡೆಯವರೆಲ್ಲ ತಮ್ಮ ತಮ್ಮ ಜೋಳ ನೋಡಿಕೊಂಡಿದ್ದರೆ ದೇಸಾಯರಿಗೆ ಗಿಡಗಳ ಹುಚ್ಚು. ಎಲ್ಲೆಂದರಲ್ಲಿ ಸಿಗುವ ಗಿಡಕ್ಕೆ ಅವರ ಬನದಲ್ಲಿ ಜಾಗವಿರಲಿಲ್ಲ.

ಅಲ್ಲಿ ಒಂದು ಪದ್ಧತಿಯಿತ್ತು. ಹೊಸ ಗಿಡ ಮೊದಲ ಸಲ ಹೂ ಬಿಟ್ಟ ದಿನ ಅದಕ್ಕೆ ಹೆಸರಿಡುವುದು. ಹೂವಿಗೆ ಮುಂಚೆಯೇ ಅದರ ಗುಣ ಎಲ್ಲರಿಗಿಂತ ಮೊದಲು ಸರಿಯಾಗಿ ಹೇಳಿದವರು ಯಾರೋ ಅವರ ಹೆಸರು. ಹೀಗೆ ಸುರಗಿ ದುರ್ಗಪ್ಪನದಾಗಿತ್ತು, ನಾಗಲಿಂಗ ಶಿದ್ರಾಮನದು. ದುರ್ಗಪ್ಪನೇನು ಮಹಾ ಪಂಡಿತನೇ? ಎತ್ತು ಮೇಯಿಸುವವನು, ಯಾವತ್ತೋ ಒಮ್ಮೆ ಬಾಯಿಗೆ ಬಂದದ್ದು ಹೇಳಿದ್ದ, ಅದೇ ಖರೆಯಾಯಿತು. ಹದಿನಾರು ವರ್ಷ ಕೊಡ ಹೊತ್ತ ಕೆಂಚಪ್ಪನ ಹೆಸರಿನಲ್ಲಿ ಒಂದು ಪೊದೆಯೂ ಇರಲಿಲ್ಲ. ದುರ್ಗಪ್ಪನ ಸುರಗಿಗೆ ನೀರು ಹಾಕುವಾಗೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು.

ಅವನ ಆಸೆಯೆಲ್ಲ ಬಾವಿಯ ಬದಿಯ ಮುತ್ತಲದ, ಅಂದರೆ ಮುತ್ತುಗದ ಗಿಡದ ಮೇಲೆ. ಹತ್ತು ವರ್ಷದ ಹಿಂದೆ ಅಂಬೋಲಿ ಘಟ್ಟದಿಂದ ಹಸಿ ಗೋಣಿಯಲ್ಲಿ ಸುತ್ತಿ, ನಾಲ್ಕು ದಿನ ಹೆಗಲ ಮೇಲೆ ಹೊತ್ತು ತಂದ ಸಸಿ ಅದು. ಕೆಂಪು ಹೂವಿನ ಮುತ್ತಲ ಗುಡ್ಡದ ತುಂಬ ಬೆಳೆಯುತ್ತದೆ, ಬಿಳಿ ಹೂವಿನದು ಕಣ್ಣಿಗೆ ಬೀಳುವುದೇ ಅಪರೂಪ. ಅಂಥ ಬಿಳಿ ಮುತ್ತಲದ ಬುಡದಲ್ಲೇ ಇದು ಹುಟ್ಟಿದ್ದೆಂದು ಅಲ್ಲಿಯ ಕುರುಬನೊಬ್ಬ ಹೇಳಿದ್ದ.

"ಇದು ಬಿಳೇದ್ರಿ, ಧಣ್ಯಾರ" ಎಂದು ಕೆಂಚಪ್ಪ ಅಂದಾಗ ದೇಸಾಯರು ನಕ್ಕು, "ಮೊದ್ಲ ಹೂ ಬಿಡ್ಲೆಪಾ" ಎಂದಿದ್ದರು. ಕೆಂಚಪ್ಪ ಕಾದ.

ಹತ್ತನೆಯ ವರ್ಷದ ವೈಶಾಖದಲ್ಲಿ ಬಾಳವ್ವ ಬಂದಳು. ಕಲ್ಲೋಳಿಯವಳು. ಮುತ್ತಲದ ಎಲೆ ತಂದು ಪತ್ರಾವಳಿ ಹಚ್ಚಿ ಮದುವೆ ಮನೆಗಳಿಗೆ ಕೊಡುವುದು ಅವಳ ಕಸುಬು. ಬನದಲ್ಲಿ ಎಲೆ ಕೀಳಲು ದೇಸಾಯರ ಅಪ್ಪಣೆ ಕೇಳಲು ಬಂದವಳು ಬಾವಿಯ ಬದಿ ನಿಂತು, ಅಲ್ಲಿಯ ಮುತ್ತಲದ ಒಂದು ಚಿಗುರನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಧಣ್ಯಾರ, ಸಣ್ಣಾಕಿದ್ದಾಗಿಂದ ಮುತ್ತಲ ಎಲಿ ಹರ್ಕೋತ ಬಂದೇನ್ರಿ. ಯಾವ ಗಿಡದ್ದರ ಇರ್ಲಿ, ಚಿಗುರಿಗೆ ಚೂರ ಕೆಂಪ ಇರತೈತಿ. ಇದಕ್ಕ ಹೆಸರಿಗೂ ಇಲ್ಲ. ಇದು ಬಿಳೀ ಹೂವಿನ ಗಿಡಾ."

"ಭಲೇ ಬಾಳವ್ವಾ!" ಎಂದು ದೇಸಾಯರು ನೆರಳಿನಲ್ಲಿ ಹಾಕಿಕೊಂಡಿದ್ದ ಕುರ್ಚಿಯಿಂದ ಎದ್ದೇ ಬಿಟ್ಟರು.

ಕೆಂಚಪ್ಪನಿಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ತಾನು ಹತ್ತು ವರ್ಷದ ಹಿಂದೆ ಹೇಳಿದ್ದಕ್ಕೆ ನಗು, ಇವಳು ಇವತ್ತು ಹೇಳಿದ್ದಕ್ಕೆ ಭಲೇ! ಅದಕ್ಕಿಂತ ದೊಡ್ಡ ಉರಿ ಇನ್ನೊಂದಿತ್ತು. ಹತ್ತು ವೈಶಾಖ ಆ ಚಿಗುರು ಅವನ ಮೂಗಿನ ಮುಂದೆಯೇ ಮೂಡಿತ್ತು. ಅವನು ದಿನ ಎಣಿಸಿದ್ದನೇ ಹೊರತು ಬಣ್ಣ ನೋಡಿರಲಿಲ್ಲ.

ಅಂದಿನಿಂದ ಬನದಲ್ಲಿ ಎಲ್ಲದಕ್ಕೂ "ಬಾಳವ್ವ ಏನಂತಾಳ?" ಎನ್ನುವುದೇ ಆಯಿತು. ಬಿಕ್ಕೆಗೆ ಹುಳ ಬಿದ್ದರೆ ಬಾಳವ್ವ, ನಾಗಲಿಂಗ ಸೊರಗಿದರೆ ಬಾಳವ್ವ. ದೀಪಾವಳಿಯ ಹೊತ್ತಿಗೆ ಕೆಂಚಪ್ಪನಿಗೆ ತಡೆಯಲಾಗಲಿಲ್ಲ. ಅವಳು ಮುತ್ತಲದ ಬುಡ ಸವರುತ್ತ ನಿಂತದ್ದನ್ನು ಕಂಡು, ದೇಸಾಯರ ಎದುರಿಗೇ ಒದರಿದ.

"ಬಿಳೇದೂ ಇಲ್ಲ ಏನೂ ಇಲ್ರಿ! ಕೆಂಪ ಮುತ್ತಲ ಇದು. ಆ ಕುರುಬ ನನಗ ಸುಳ್ಳ ಹೇಳ್ಯಾನ."

"ಅಂದ್ರ ನಿನ್ನ ಮಾತ ವಾಪಸ್ ತಗೊಂಡಿ?"

"ತಗೊಂಡ್ನಿರಿ."

ಇವಳ ಬಾಯಲ್ಲಿ ಬಂದ ಮಾತು ತನ್ನ ಬಾಯಲ್ಲಿ ಇರಬಾರದು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಎಂಥ ಮೂರ್ಖತನ ನೋಡಿ. ಸುಮ್ಮನಿದ್ದಿದ್ದರೆ ಗಿಡ ಅವನದೇ ಆಗುತ್ತಿತ್ತು.

ಮಾಘದಲ್ಲಿ ಮುತ್ತಲ ಎಲೆ ಉದುರಿಸಿತು. ಹೋಳಿ ಹುಣ್ಣಿಮೆಗೆ ಎರಡು ದಿನವಿರುವಾಗ, ಬೆಳಗ್ಗೆ ನೀರು ಸೇದಲು ಹೋದ ಕೆಂಚಪ್ಪ ಕತ್ತೆತ್ತಿ ನೋಡಿದ. ಬೋಳು ಟೊಂಗೆಯಲ್ಲಿ ಏಳು ಹೂ ಅರಳಿದ್ದವು. ಬೆಣ್ಣೆಯಂಥ ಬಿಳುಪು. ಅವನ ಕಣ್ಣು ತುಂಬಿತು. ಮರುಗಳಿಗೆಗೇ ಬಾಳವ್ವನ ನಗುಮುಖ ನೆನಪಾಯಿತು. ರುಮಾಲು ಬಿಚ್ಚಿ ಉಡಿಯಂತೆ ಕಟ್ಟಿಕೊಂಡು ಗಿಡ ಹತ್ತಿದ. ಏಳೂ ಹೂ ಕಿತ್ತ, ಬಿರಿಯುವಂತಿದ್ದ ಮೊಗ್ಗುಗಳನ್ನೂ ಬಿಡಲಿಲ್ಲ. ಎಲ್ಲವನ್ನೂ ಗೊಬ್ಬರದ ಗುಂಡಿಯಲ್ಲಿ ಮುಚ್ಚಿ, ರುಮಾಲು ಕೊಡವಿ ತಲೆಗೆ ಸುತ್ತಿಕೊಂಡ.

ಅಷ್ಟರಲ್ಲಿ ಬಾಳವ್ವ ಬಂದಳು. ಮುರಿದ ತೊಟ್ಟುಗಳನ್ನು ನೋಡಿದಳು, ಅವನ ತಲೆಯನ್ನು ನೋಡಿದಳು.

"ಕೆಂಚಣ್ಣಾ, ರುಮಾಲಿನ ಸುತ್ತಿನ್ಯಾಗ ಒಂದ್ ಹೂ ಉಳದೈತಿ" ಎಂದು ಮೆಲ್ಲಗೆ ಅಂದಳು.

ಅವನು ತಲೆಗೆ ಕೈ ಒಯ್ಯುವುದಕ್ಕೂ ದೇಸಾಯರು ಬರುವುದಕ್ಕೂ ಸರಿಹೋಯಿತು. ಹೂ ಬಿಟ್ಟಿತೇ ಎಂದು ಅವರು ಕೇಳಿದರು. ಕೆಂಚಪ್ಪ ರುಮಾಲನ್ನು ಒತ್ತಿ ಹಿಡಿದ. ಬಾಳವ್ವನೇ ಮುಂದೆ ಬಂದಳು.

"ಬಿಟ್ಟಿತ್ರಿ. ಹಕ್ಕಿ ಕೆಡವ್ಯಾವ. ನಾನ ತಪ್ಪಿದ್ನಿರಿ, ಕೆಂಪ ಹೂವ ಅದು. ಕೆಂಚಣ್ಣ ಹೇಳಿದ್ದ ಖರೆ."

ದೇಸಾಯರ ಮುಖ ಸಪ್ಪಗಾಯಿತು. "ಕೆಂಪ ಮುತ್ತಲ ಗುಡ್ಡದಾಗ ಬೇಕಾದಷ್ಟೈತಿ. ಪುಣೆಯಿಂದ ಕರ್ಪೂರದ ಸಸಿ ಬರಾಕತ್ತೈತಿ, ಅದಕ್ಕ ಜಾಗಾ ಬೇಕು. ಕೆಂಚ್ಯಾ, ಕೊಡ್ಲಿ ತಾ, ಇದನ್ನ ಕಡೀ."

ಬಾಳವ್ವ ಬಿಳಿಚಿಕೊಂಡಳು. ಅವಳು ಇದನ್ನು ಎಣಿಸಿರಲಿಲ್ಲ. ಕೆಂಚಪ್ಪ ಗಿಡ ನೋಡಿದ, ಅವಳನ್ನು ನೋಡಿದ. ಸುಮ್ಮನಿದ್ದರೆ ಅವನ ಮಾತು ಗೆಲ್ಲುತ್ತಿತ್ತು. ನಾಲ್ಕು ದಿನ ಹೊತ್ತ ಹೆಗಲು ಮಾತ್ರ ಸುಮ್ಮನಿರಲಿಲ್ಲ. ರುಮಾಲು ತೆಗೆದು ದೇಸಾಯರ ಪಾದದ ಮುಂದೆ ಬಿಚ್ಚಿದ. ಬಾಡಿದ ಬಿಳಿ ಹೂವೊಂದು ನೆಲಕ್ಕೆ ಬಿತ್ತು.

"ಬಿಳೇದ ಐತ್ರಿ, ಧಣ್ಯಾರ. ನಾನ ಹರದೇನಿ."

ದೇಸಾಯರು ಕತ್ತೆತ್ತಿ ಟೊಂಗೆಯ ಮುರಿದ ತೊಟ್ಟುಗಳನ್ನು ನೋಡಿದರು.

"ಹೊತ್ತ ತಂದವ್ರು ಅವರ್ರಿ, ಅವರ ಹೆಸರನ್ನ ಇಡ್ರಿ" ಎಂದಳು ಬಾಳವ್ವ.

"ಅಂವ ತನ್ನ ಮಾತ ವಾಪಸ್ ತಗೊಂಡಾನ. ನೀ ಯಾಕ ಸುಳ್ಳ ಹೇಳ್ದಿ ಅನ್ನೂದೂ ನನಗ ತಿಳಿತು. ಗಿಡಕ್ಕ ನಿನ್ನ ಹೆಸರನ" ಎಂದು ಅವರು ಹೂ ಎತ್ತಿಕೊಂಡು ಅವಳ ಕೈಗೆ ಕೊಟ್ಟರು.

ಕೆಂಚಪ್ಪ ಇನ್ನೂ ಹದಿಮೂರು ವರ್ಷ ಆ ಬನದಲ್ಲಿ ದುಡಿದ. ಹೊಟ್ಟೆಕಿಚ್ಚೇನೂ ಆರಲಿಲ್ಲ, ಅವನೇ ಹಾಗೆ ಹೇಳಿಕೊಳ್ಳುತ್ತಿದ್ದ. ಪ್ರತಿ ವರ್ಷದ ಮೊದಲ ಹೂವಿನ ಸುದ್ದಿ ದೇಸಾಯರ ಮನೆಗೆ, ಅಂದರೆ ವಾಡೆಗೆ, ಮುಟ್ಟಿಸುವುದು ಮಾಳಿಯ ಕೆಲಸ, ಗಿಡದ ಹೆಸರು ಹಿಡಿದೇ ಮುಟ್ಟಿಸಬೇಕು. ಪ್ರತಿ ಹೋಳಿಗೆ ಅವನು ವಾಡೆಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತ, ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ:

"ಬಾಳವ್ವನ ಮುತ್ತಲ ಹೂ ಬಿಟ್ಟೈತ್ರಿ!"