ಹಲ್ಲಿನ ಹೊಂಡದಲ್ಲಿ ಆಸ್ಪಿರಿನ್

ನೋವಿದ್ದಲ್ಲಿಗೇ ಮದ್ದು ಎಂಬುದು ಹರಿನಾಥನ ಸಿದ್ಧಾಂತ. ಕಾಲಿಗೆ ಮುಳ್ಳು ಹೊಕ್ಕರೆ ಹೊಟ್ಟೆಗೆ ಯಾರಾದರೂ ಮುಲಾಮು ಹಚ್ಚುತ್ತಾರೆಯೇ? ಹಾಗಾಗಿ ಶುಕ್ರವಾರ ಬುದ್ಧಿಹಲ್ಲು ಕೀಳಿಸಿಕೊಂಡು ಬಂದವನು, ಪೊಟ್ಟಣದೊಳಗಿನ ಆಸ್ಪಿರಿನ್ ಮಾತ್ರೆಯನ್ನು ನುಂಗಲಿಲ್ಲ. ಅಪ್ಪ ಹೊಗೆಸೊಪ್ಪನ್ನು ದವಡೆಗೆ ಒತ್ತಿಟ್ಟುಕೊಳ್ಳುವ ಹಾಗೆ ಅದನ್ನು ಹಲ್ಲು ಹೋದ ಹೊಂಡಕ್ಕೆ ಒತ್ತಿಟ್ಟುಕೊಂಡ. ಉರಿಯಿತು. ಮದ್ದು ತಾಗುತ್ತಿದೆ ಎಂಬ ಖುಷಿಯಲ್ಲಿ ಇನ್ನೊಂದು ಇಟ್ಟ. ಶನಿವಾರ ಕನ್ನಡಿಯಲ್ಲಿ ನೋಡಿದರೆ ಎಡಗಡೆ ಅವನದೇ ಮುಖ, ಬಲಗಡೆ ಯಾರೋ ಉಂಡು ತೇಗಿದ ಶ್ರೀಮಂತರದು.

ನಗುವ ಹೊತ್ತಲ್ಲ ಅದು. ಉಪ್ಪಳ–ಪೈವಳಿಕೆ ಬಸ್ಸಿನಲ್ಲಿ ಅವನು ಕಂಡಕ್ಟರ್. ಅವನ ಸಂಬಳವೆಲ್ಲ ಗಂಟಲಿನಲ್ಲೇ ಇತ್ತು. "ಸೋಮವಾರ ಬೆಳಿಗ್ಗೆ ನಿನ್ನ ಸ್ವರ ಕೇಳಬೇಕು. ಇಲ್ಲದಿದ್ರೆ ಬಟ್ಯನದ್ದು ಕೇಳ್ತದೆ," ಎಂದಿದ್ದರು ಬಸ್ಸಿನ ಧಣಿ. ಬಸ್ ಸ್ಟ್ಯಾಂಡಿನಲ್ಲಿ ಮೂಟೆ ಹೊರುವ ಬಟ್ಯ ಕೆಮ್ಮಿದರೂ ಅರ್ಧ ಮೈಲಿಗೆ ಕೇಳುತ್ತಿತ್ತು.

ಕೆನ್ನೆಗೆ ಪಂಚೆಯ ತುಂಡು ಕಟ್ಟಿಕೊಂಡು ಅವನು ದವಾಖಾನೆಗೆ ಓಡಿದ. ಡಾಕ್ಟರು ವಾರಕ್ಕೆ ಎರಡು ದಿನ ಮಂಗಳೂರಿನಿಂದ ರೈಲಿನಲ್ಲಿ ಬಂದು ಹೋಗುವವರು. ಉಳಿದ ದಿನ ದವಾಖಾನೆಯೆಂದರೆ ಕಂಪೌಂಡರ್ ಜೊಕಿಮ್ ಪೊರ್ಬುಗಳೇ. ಇಪ್ಪತ್ತೇಳು ವರ್ಷ, ನಾಲ್ವರು ಡಾಕ್ಟರುಗಳು, ಒಬ್ಬ ಜೊಕಿಮ್. ಜನ ಮನೆಯಿಂದ ತಂದ ಬಾಟಲಿಗೆ ಮಿಕ್ಸ್ಚರ್ ಹೊಯ್ದು, ಒಂದು ಸಲಕ್ಕೆ ಎಷ್ಟು ಎಂದು ತೋರಿಸುವ ಕಾಗದದ ಪಟ್ಟಿಯನ್ನು ಅಂಟಿಸುತ್ತಿದ್ದರು. ಕತ್ತರಿ ಒಂದು ನೂಲು ಸೊಟ್ಟ ಹೋದರೂ ಪಟ್ಟಿ ಕಸಕ್ಕೆ. ಓದು ಬಾರದವರನ್ನು ಬೆಂಚಿನ ಮೇಲೆ ಕೂರಿಸಿ, ಮೊದಲ ಮಾತ್ರೆಯನ್ನು ಎದುರಿಗೇ ನುಂಗಿಸಿ, "ಆ ಮಾಡು" ಎಂದು ಬಾಯಿ ನೋಡಿಯೇ ಕಳಿಸುತ್ತಿದ್ದರು. ಓದಿದವರಿಗೆ ಪೊಟ್ಟಣ ಕೈಗೆ, "ಬರೆದದ್ದುಂಟು, ನೋಡಿಕೋ." ಎಂಟನೆಯ ಕ್ಲಾಸು ಪಾಸಾದ ಹರಿನಾಥ ಶುಕ್ರವಾರ ಬೆಂಚಿನವರ ಕಡೆ ಒಂದು ನೋಟ ಬೀರಿಯೇ ಹೊರಟಿದ್ದ.

ಈಗ ಪೊರ್ಬುಗಳು ಅವನ ಬಾಯಿಯೊಳಗೆ ಟಾರ್ಚು ಬಿಟ್ಟರು. ವಸಡು ಸುಟ್ಟು ಸುಣ್ಣ ಬಳಿದಂತಿತ್ತು.

"ಎಂತ ಮಾಡಿದ್ದು ನೀನು?"

"ಮಾತ್ರೆ ಇಟ್ಟದ್ದು."

"ಎಲ್ಲಿ?"

ಹರಿನಾಥ ಬೆರಳು ತೋರಿಸಿದ. ಬೆಂಚಿನಲ್ಲಿದ್ದ ಮುದುಕಿ ಅಕ್ಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಅಯ್ಯೋ ಮಾರಾಯ, ಇನ್ನು ಸ್ವಲ್ಪ ಸುಣ್ಣ, ಒಂದು ವೀಳ್ಯದೆಲೆ ಇದ್ದಿದ್ರೆ ಸರಿಯಾಗ್ತಿತ್ತು!"

"ಸರಿದು ಕೂತುಕೊಳ್ಳಿ ಅಕ್ಕು. ಇವನಿಗೂ ಜಾಗ ಬೇಕು," ಎಂದರು ಪೊರ್ಬುಗಳು.

ಅಂದಿನಿಂದ ಹರಿನಾಥನೂ ಬೆಂಚಿನವನಾದ. ಮೊದಲು ಗಂಜಿ, ಆಮೇಲೆ ಒಂದು ಲೋಟ ನೀರಿನಲ್ಲಿ ಒಂದೇ ಮಾತ್ರೆ. ಉಪ್ಪು ಹಾಕಿದ ಬೆಚ್ಚಗಿನ ನೀರನ್ನು ಬಾಯಲ್ಲಿ ಹಿಡಿದು ಮೆಲ್ಲಗೆ ಬಿಡಬೇಕು. ಮುಕ್ಕಳಿಸಿ ಉಗಿದರೆ ಗಾಯ ಮತ್ತೆ ತೆರೆಯುತ್ತದೆ. ಬೊಬ್ಬೆ ಹಾಕಬಾರದು. ಇಷ್ಟನ್ನೂ ಪೊರ್ಬುಗಳು ಅವನಿಂದ ಎರಡು ಸಲ ಹೇಳಿಸಿದರು.

ನುಂಗಿದ ಮಾತ್ರೆ ನೋವನ್ನೇನೋ ತಗ್ಗಿಸಿತು, ಊತಕ್ಕೆ ಇಳಿಯುವ ಅವಸರವಿರಲಿಲ್ಲ. ಮನೆಯಲ್ಲಿ ಹರಿನಾಥ ಕೂತಲ್ಲಿ ಕೂರಲಿಲ್ಲ. ಗಳಿಗೆಗೊಮ್ಮೆ ಕನ್ನಡಿ, ಗಳಿಗೆಗೊಮ್ಮೆ ಅಂಗಳ. ಬಾವಿಕಟ್ಟೆಯ ಹತ್ತಿರ ಹೋಗಿ "ಪೈವಳಿಕೆ, ಪೈವಳಿಕೆ" ಎಂದು ಕೂಗಿ ನೋಡಿದ. ದವಡೆ ತೆರೆಯದೆ "ಪೈ" ಮಾತ್ರ ಹೊರಬಂತು. ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಕಡೆಯಿಂದ ಬಟ್ಯನ ಅಭ್ಯಾಸ ಕೇಳಿಸಿತು. ಸ್ಪಷ್ಟವಾಗಿ, ನಾಲ್ಕೂ ಅಕ್ಷರ.

ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಪೊರ್ಬುಗಳು ಕೋಟು ಕಳಚುವ ಮೊದಲೇ ಹರಿನಾಥ ಅವರ ಮನೆಯ ಜಗಲಿಯಲ್ಲಿದ್ದ. ಪೊರ್ಬುಗಳು ಕೆನ್ನೆ ಒತ್ತಿ ನೋಡಿದರು. "ಇಳೀತಾ ಉಂಟು. ಇನ್ನೆರಡು ದಿನ."

"ಎರಡು ಮಾತ್ರೆ ಒಟ್ಟಿಗೆ ನುಂಗಿದ್ರೆ?"

"ಹೊಟ್ಟೆಯೂ ಸುಡ್ತದೆ."

ಹರಿನಾಥನ ಕಿಸೆಯಲ್ಲಿ ಆ ಪೊಟ್ಟಣದ ಕಾಗದವಿತ್ತು. 'ದಿನಕ್ಕೆ ಮೂರು. ಊಟದ ಮೇಲೆ.' ಅಷ್ಟೇ. ನಿನ್ನೆಯಿಂದ ತನ್ನ ಪೆದ್ದುತನಕ್ಕೆ ತನ್ನನ್ನೇ ಬೈದುಕೊಂಡು ಸಾಕಾಗಿತ್ತು. ಪೊರ್ಬುಗಳ ಹೆಂಡತಿ ತೆರೆಜಾಬಾಯಿ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತದ್ದನ್ನೂ ಲೆಕ್ಕಿಸದೆ ಕಾಗದವನ್ನು ಮುಂದೆ ಹಿಡಿದ.

"ನುಂಗು ಅಂತ ಇದ್ರಲ್ಲಿ ಎಲ್ಲಿ ಉಂಟು ಪೊರ್ಬುಗಳೇ? ಆ ಬೆಂಚಿನವರಿಗೆಲ್ಲ ಹೇಳ್ತೀರಿ, ನನಗೆ ಯಾಕೆ ಹೇಳ್ಲಿಲ್ಲ? ನಾಳೆ ನನ್ನ ಕೆಲಸ ಹೋದ್ರೆ ಅದು ನಿಮ್ಮ ತಪ್ಪೂ ಅಲ್ವಾ?"

ತೆರೆಜಾಬಾಯಿ ಗಂಡನ ಮುಖ ನೋಡಿದರು. ಪೊರ್ಬುಗಳು ಕಾಗದವನ್ನು ಬೆಳಕಿಗೆ ಹಿಡಿದು, ಇರುವ ಹತ್ತೇ ಅಕ್ಷರವನ್ನು ಬಹಳ ಹೊತ್ತು ಓದಿದರು.

"ಹೌದು, ನನ್ನ ತಪ್ಪೇ," ಎಂದರು. "ನಿನ್ನ ಧಣಿಯ ಹತ್ರ ಬಂದು ಹಾಗೇ ಹೇಳ್ತೇನೆ. ಆದ್ರೆ ನಾಳೆ ನೀನು ಬಸ್ಸು ಹತ್ತುವುದಿಲ್ಲ."