ಮಾಹೆಗೆ ಹೋಗಿ ಭಾವನನ್ನು ಕರೆತಂದದ್ದು

ತುಳು ಲೆಕ್ಕದ ಮಾಯಿ ತಿಂಗಳಲ್ಲಿ, ಸುಗ್ಗಿಗೆ ಇನ್ನೊಂದು ತಿಂಗಳಿರುವಾಗ, ಒಂದು ಬೆಳಿಗ್ಗೆ ನಾನು ಮತ್ತು ಕಮಲಕ್ಕ ಮಂಗಳೂರು ಸ್ಟೇಷನ್ನಿನಲ್ಲಿ ಮೂರನೆಯ ದರ್ಜೆಯ ಡಬ್ಬಿ ಹತ್ತಿದೆವು. ಮಾಹೆಗೆ ಟಿಕೇಟು ತಲೆಗೆ ಮೂರು ರೂಪಾಯಿಯೊಳಗೇ ಆಯಿತು. ಹಡಗು ಹತ್ತದೆ, ಸಮುದ್ರ ದಾಟದೆ, ಇಷ್ಟು ದುಡ್ಡಿನಲ್ಲಿ ಫ್ರೆಂಚರ ರಾಜ್ಯ ನೋಡಿ ಬರಬಹುದು ಎಂದರೆ ನಮ್ಮ ಹಂಚಿನ ಕಾರ್ಖಾನೆಯ ಗುಮಾಸ್ತರು ಯಾರೂ ನಂಬಿರಲಿಲ್ಲ. “ಹೋಗಿ ಬಂದು ಎಲ್ಲ ಬರೆದು ಕೊಡು ಮಾರಾಯ, ನಾವೂ ಒಮ್ಮೆ ಹೋಗ್ತೇವೆ” ಎಂದಿದ್ದರು. ಅವರಿಗೆಂದೇ ಬರೆಯುತ್ತಿದ್ದೇನೆ. ಓದಿದ ಮೇಲೆ ಹೋಗುವುದು ಬಿಡುವುದು ಅವರ ಇಷ್ಟ.

ಅಕ್ಕ ಬಂದದ್ದು ಊರು ನೋಡಲಿಕ್ಕಲ್ಲ. ಅವಳ ಗಂಡ ಐತಪ್ಪ ಭಾವ ಮಾಹೆಯಲ್ಲಿ ಅಡುಗೆ ಕೆಲಸಕ್ಕಿದ್ದ. ಎರಡು ವರ್ಷದಿಂದ ಅವನ ಸುದ್ದಿಯಿರಲಿಲ್ಲ. ಹೋದ ಮಳೆಗಾಲಕ್ಕೆ ಮೊದಲು ಬಂದರಿನಲ್ಲಿ ದೋಣಿಯವನೊಬ್ಬ, ಮಾಹೆಯ ಅಳಿವೆಯಲ್ಲಿ ಮಂಗಳೂರಿನ ಅಡುಗೆಯವನೊಬ್ಬ ಮುಳುಗಿ ಸತ್ತನಂತೆ ಎಂದು ಹೇಳಿ ಹೋದ. ಅಮ್ಮನ ಅಣ್ಣ, ನಮ್ಮ ಮನೆಯ ಯಜಮಾನರಾದ ದೊಡ್ಡಮಾವನಿಗೆ ಅಷ್ಟೇ ಸಾಕಾಯಿತು.

ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ಕ್ರಮ ನಮ್ಮಲ್ಲಿದೆ. ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಸುಮ್ಮನೆ ನಿಲ್ಲುವುದು. ಬದುಕಿದ್ದವರಿಗೆ ಎಲೆಯ ತುದಿ ಎಡಕ್ಕೆ ಬರುವಂತೆ ಹಾಕುತ್ತಾರೆ. ನಮ್ಮ ಮನೆಯಲ್ಲಿ ಸತ್ತವರಿಗೆ ಅದನ್ನು ತಿರುಗಿಸಿ, ತುದಿ ಬಲಕ್ಕೆ ಮಾಡುತ್ತಾರೆ. ಹೋದ ಆಟಿಯಲ್ಲಿ ದೊಡ್ಡಮಾವನ ಅಪ್ಪಣೆಯಂತೆ ಅಮ್ಮ ಭಾವನಿಗೂ ಒಂದು ಎಲೆ ಹಾಕಿ ಕೆಸುವಿನೆಲೆಯ ಪತ್ರೊಡೆ ಬಡಿಸಿದರು. ಪತ್ರೊಡೆ ಎಂದರೆ ಭಾವನಿಗೆ ಪ್ರಾಣ. ಅಕ್ಕ ಆ ದಿನ ಊಟ ಮಾಡಲಿಲ್ಲ. ಈಗ, ಸುಗ್ಗಿಗೆ ಮೊದಲು ಅವಳ ಕರಿಮಣಿ ತೆಗೆಸಬೇಕು, ಬೇರೆ ಗಂಡು ನೋಡಿಯಾಗಿದೆ ಎಂದು ದೊಡ್ಡಮಾವ ಹೇಳತೊಡಗಿದ್ದರು. “ಅವರು ಇಲ್ಲ ಅಂತ ನಾನೇ ಹೋಗಿ ಕೇಳದೆ ತೆಗೆಯುವುದಿಲ್ಲ” ಎಂದು ಅಕ್ಕ ಹಟ ಹಿಡಿದಳು. ಜೊತೆಗೆ ಕಳಿಸಲು ಮನೆಯಲ್ಲಿ ರಜೆ ಸಿಕ್ಕಿದವನು ನಾನೇ. ಕುಲೆ, ಪ್ರೇತ ಎಂದರೆ ನಗುವ ಜಾತಿ ನನ್ನದು, ಹಾಗಾಗಿ ನನಗೆ ಹೆದರಿಕೆಯೂ ಇರಲಿಲ್ಲ.

ನೇತ್ರಾವತಿ ಸೇತುವೆ ದಾಟಿದ ಮೇಲೆ ಬಲಗಡೆ ಕೂತರೆ ಆಗಾಗ ಸಮುದ್ರ ಕಾಣುತ್ತದೆ, ಎಡಗಡೆ ಕೂತರೆ ಬಿಸಿಲು ಮಾತ್ರ. ತಿಂಡಿ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಕಣ್ಣಾನೂರಿನಲ್ಲಿ ಚಹಾ ಒಳ್ಳೆಯದು ಸಿಗುತ್ತದೆ, ಆದರೆ ಗಾಡಿ ಹೊರಡುವ ಗಂಟೆಯಾದ ಮೇಲೆ ಚಿಲ್ಲರೆಗೆ ಕೈ ಚಾಚಬೇಡಿ, ನನ್ನ ಎರಡಾಣೆ ಅಲ್ಲೇ ಉಳಿಯಿತು. ಅಕ್ಕ ದಾರಿಯುದ್ದಕ್ಕೂ ಒಂದೇ ಒಂದು ಮಾತು ಕೇಳಿದಳು. “ಶೀನಾ, ಬದುಕಿದ್ದವರಿಗೆ ಹಾಗೆ ಬಡಿಸಿದರೆ ಎಂತ ಆಗ್ತದೆ?” ಬಡಿಸಿದ್ದು ವ್ಯರ್ಥ ಆಗ್ತದೆ, ಅಷ್ಟೇ, ಎಂದೆ.

ಮಾಹೆ ಸ್ಟೇಷನ್ ಇರುವುದು ಮಾಹೆಯಲ್ಲಲ್ಲ, ನಮ್ಮ ಮದ್ರಾಸು ಸರಕಾರದ ನೆಲದಲ್ಲಿ. ಜಟಕಾದವರು ಬಾಯಿಗೆ ಬಂದಷ್ಟು ಕೇಳುತ್ತಾರೆ, ನಡೆದೇ ಹೋಗಿ. ಗಡಿಯಲ್ಲಿ ಚೌಕಿ ಇದೆ. ನಮ್ಮ ಕಡೆ ಪಾನನಿರೋಧ, ಅವರ ಕಡೆ ಬೀದಿಗೆ ನಾಲ್ಕು ಸಾರಾಯಿ ಅಂಗಡಿ. ಹಾಗಾಗಿ ಹೋಗುವಾಗ ಯಾರೂ ಕೇಳುವುದಿಲ್ಲ, ಬರುವಾಗ ಬಾಯಿ ಮೂಸಿ ನೋಡುತ್ತಾರೆ. ಏಲಕ್ಕಿ ಜಗಿದುಕೊಂಡು ಬಂದರೆ ಸಂಶಯ ಹೆಚ್ಚು. ನಮ್ಮ ರೂಪಾಯಿ ಅಲ್ಲಿಯೂ ನಡೆಯುತ್ತದೆ. ತುಳು ಬಂದರೆ ಅಲ್ಲಿನ ಮಲಯಾಳ ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ಕೈಸನ್ನೆ ಸಾಕು.

ಫ್ರೆಂಚರ ಕಡೆ ಕೆಂಪು ಟೊಪ್ಪಿಯ ಪೋಲೀಸನೊಬ್ಬ ನಿಂತಿದ್ದ. ಯಾರನ್ನು ನೋಡಲು ಬಂದಿರಿ ಎಂದು ಕೇಳಿದ. ಮಂಗಳೂರಿನ ಅಡುಗೆಯ ಐತಪ್ಪ ಎಂದೆ. ಅವನು ಅಕ್ಕನ ಕರಿಮಣಿಯನ್ನೊಮ್ಮೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, “ಉಣ್ಣಾತ್ತವನ್” ಎಂದು ನದಿಯ ಕಡೆಯ ಬೀದಿಗೆ ಕೈ ತೋರಿಸಿದ. ಉಣ್ಣಾತ್ತವನ್ ಎಂದರೆ ಉಣ್ಣದವನು. ಏನೋ ಮನೆತನದ ಹೆಸರಿರಬೇಕು ಎಂದು ನಾನು ಅಕ್ಕನಿಗೆ ಸಮಾಧಾನ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಪೋಲೀಸ “ಸತ್ತ” ಎನ್ನಲಿಲ್ಲವಲ್ಲ, ಅವಳಿಗೆ ಅಷ್ಟು ಸಾಕಾಗಿತ್ತು, ಓಡುತ್ತಿದ್ದಳು.

ಮಧ್ಯಾಹ್ನ ಆ ಊರು ಬಾಗಿಲು ಹಾಕಿ ಮಲಗುತ್ತದೆ, ಇದನ್ನು ನೆನಪಿಡಿ. ಅಂಗಡಿ ಇಲ್ಲ, ಮನುಷ್ಯರಿಲ್ಲ. ಬಿಳಿ ಗೋಡೆಗಳು, ಹಸಿರು ಕಿಟಕಿಗಳು, ಎಲ್ಲವೂ ಮುಚ್ಚಿದ್ದವು. ಒಂದು ಕಾಗೆಯ ಸದ್ದೂ ಇರಲಿಲ್ಲ. ಬೀದಿಯ ಕೊನೆಯಲ್ಲಿ ಸಮುದ್ರ ಕಾಣುತ್ತಿತ್ತು, ಅಲೆ ದಡಕ್ಕೆ ಬೀಳುತ್ತಿದ್ದದ್ದೂ ಕಾಣುತ್ತಿತ್ತು, ಆದರೆ ಶಬ್ದ ನಮ್ಮವರೆಗೆ ಬರುತ್ತಿರಲಿಲ್ಲ. ಗಾಳಿ ಆಚೆ ಬೀಸುತ್ತಿರಬೇಕು. ಮಂಗಳೂರಿನವನಿಗೆ ಸದ್ದಿಲ್ಲದ ಸಮುದ್ರ ಅಭ್ಯಾಸವಿಲ್ಲ.

ಉಳಿಯಲು ಅಗ್ಗದ ಜಾಗವೆಂದರೆ ಆ ಬೀದಿಯ ಕಾರ್ಮಿನ್ ಬಾಯಿಯ ಮನೆ. ನಮ್ಮ ಮಂಗಳೂರಿನ ಕೊಂಕಣಿ ಕ್ರಿಸ್ತುವರ ಹೆಂಗಸು, ಮಾಹೆಗೆ ಮದುವೆಯಾಗಿ ಬಂದವರು. ಮೇಲೆ ಎರಡು ಕೋಣೆ ಬಾಡಿಗೆಗೆ, ಕೆಳಗೆ ಊಟ. ಐತಪ್ಪನ ಹೆಸರು ಹೇಳುತ್ತಲೇ ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

“ಉಂಟು, ಇಲ್ಲೇ ಉಂಟು. ನನ್ನ ಅಡುಗೆಮನೆಯಲ್ಲೇ ಉಂಟು. ನೀವು ಅವನ ಎಂತ ಆಗ್ಬೇಕು?”

“ಹೆಂಡತಿ” ಎಂದಳು ಅಕ್ಕ. ಹೇಳಿದವಳೇ ಜಗಲಿಯಲ್ಲಿ ಕೂತುಬಿಟ್ಟಳು.

ಕಾರ್ಮಿನ್ ಬಾಯಿ ಅವಳ ಪಕ್ಕ ಕೂತು ಹೇಳಿದರು. ಭಾವ ಫ್ರೆಂಚರ ಹಡಗಿನಲ್ಲಿ ಅಡುಗೆಗೆಂದು ಸೈಗೋನಿಗೆ ಹೋಗಿದ್ದ. ಮುಳುಗಿದ ಅಡುಗೆಯವನು ಬೇರೆ ಯಾರೋ. ಹೋದ ಆಟಿಯಲ್ಲಿ ಭಾವ ವಾಪಾಸು ಬಂದ, ಹೆಂಡತಿಯನ್ನು ನೋಡಬೇಕು ಎಂದು ಪೆಟ್ಟಿಗೆ ಕಟ್ಟಿದ. “ಹೊರಡುವ ದಿನ ಊಟಕ್ಕೆ ಕೂತ. ಎಲೆ ದೂಡಿದ. ಬಾಯಮ್ಮ, ನನ್ನ ಊಟ ಆಯ್ತು, ಯಾರೋ ಬಡಿಸಿದರು ಅಂತ ಹೇಳಿದ. ಯಾರು ಬಡಿಸಿದ್ದು ಮಾರಾಯ, ನಾನು ಇಲ್ಲೇ ಇದ್ದೇನಲ್ಲ? ಅವನ ಕೈ ಪತ್ರೊಡೆ ವಾಸನೆ ಬರ್ತಿತ್ತು. ಮಂಗಳೂರಿನವಳು ನಾನು, ನನಗೆ ಗೊತ್ತಾಗುವುದಿಲ್ವಾ? ಈ ಬೀದಿಯಲ್ಲಿ ಯಾರೂ ಪತ್ರೊಡೆ ಮಾಡುವುದಿಲ್ಲ. ಆವತ್ತಿನಿಂದ ಅವನು ಉಂಡದ್ದು ನಾನು ನೋಡ್ಲಿಲ್ಲ. ಚಹಾ ಕುಡೀತಾನೆ, ಅಷ್ಟೇ. ಡಾಕ್ಟರು ನೋಡಿ ಎಂತದೂ ಇಲ್ಲ ಅಂತ ಹೇಳಿದ್ರು.”

ಅಕ್ಕ ನನ್ನ ಮುಖ ನೋಡಿದಳು. ರೈಲಿನಲ್ಲಿ ಜಾಣ ಉತ್ತರ ಕೊಟ್ಟ ನಾನು ಗಂಟು ಎತ್ತಿಕೊಂಡು ಅಡುಗೆಮನೆಯ ಕಡೆ ನಡೆದೆ.

ಭಾವ ಒಲೆಯ ಮುಂದೆ ಮೀನು ಹುರಿಯುತ್ತಿದ್ದ. ಬಡಕಲಾಗಿರಲಿಲ್ಲ. ಊರು ಬಿಡುವಾಗ ಹೇಗಿದ್ದನೋ ಹಾಗೇ ಇದ್ದ, ಒಂದು ಕೂದಲೂ ಹಣ್ಣಾಗಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಅಕ್ಕನನ್ನು ನೋಡಿ ನಕ್ಕ, ನಿನ್ನೆ ಸಂತೆಗೆ ಹೋಗಿ ಬಂದವಳನ್ನು ನೋಡಿದ ಹಾಗೆ. “ಬಂದ್ಯಾ ಕಮಲ? ಶೀನನೂ ಬಂದಿದ್ದಾನೆ. ಕೂತ್ಕೊಳ್ಳಿ, ಊಟ ಮಾಡಿ.”

“ನೀವು ಯಾಕೆ ಮನೆಗೆ ಬರ್ಲಿಲ್ಲ?” ಅಕ್ಕ ಅಳುತ್ತಿದ್ದಳು.

ಅವನು ಬಾಣಲೆಯ ಮೀನು ಮಗುಚಿದ. “ಹಸಿವಾದರಲ್ಲವಾ ಮನೆ ನೆನಪಾಗುವುದು? ನನಗೆ ಹಸಿವೇ ಆಗ್ಲಿಲ್ಲ” ಎಂದ.

ಆ ಮನೆಯ ಊಟ ಚೆನ್ನಾಗಿದೆ, ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಹೊಟ್ಟೆ ತುಂಬ. ನಾನು ತಿಂದೆ, ರುಚಿ ನೆನಪಿಲ್ಲ. ಅಕ್ಕ ಒಂದು ಎಲೆಯನ್ನು ತೊಳೆದು, ತುದಿ ಎಡಕ್ಕೆ ಬಂತೇ ಎಂದು ಎರಡೆರಡು ಸಲ ನೋಡಿ, ಭಾವನನ್ನು ಕೂರಿಸಿ, ಅನ್ನ ಕಲಸಿ ಕೈಯಲ್ಲಿ ಕೊಟ್ಟಳು. ಅವಳ ಮಾತು ಮೀರಬಾರದೆಂದು ಅವನು ಬಾಯಿಗಿಟ್ಟ. ಮಗು ಕಹಿ ಔಷಧಿ ಇಟ್ಟುಕೊಂಡ ಹಾಗೆ ಇಟ್ಟುಕೊಂಡು, ಕೊನೆಗೆ ಹಿತ್ತಲಿಗೆ ಹೋಗಿ ಉಗಿದು ಬಂದ. “ಮಣ್ಣು ಕಮಲ. ಬರೀ ಮಣ್ಣು” ಎಂದ. ಅವನ ದನಿಯಲ್ಲಿ ದುಃಖವಿರಲಿಲ್ಲ, ನಮಗೆ ತೊಂದರೆ ಕೊಟ್ಟೆನಲ್ಲ ಎಂಬ ಸಂಕೋಚ ಮಾತ್ರ ಇತ್ತು.

ಮರುದಿನ ಬೆಳಿಗ್ಗೆ ಉದ್ದನೆಯ ಫ್ರೆಂಚ್ ರೊಟ್ಟಿ ಬಿಸಿಬಿಸಿ ಸಿಗುತ್ತದೆ, ತಪ್ಪದೆ ತಿನ್ನಿ. ಸೆಂಟು, ಇಸ್ಪೀಟು, ಕೊಡೆ ಅಗ್ಗ, ಆದರೆ ಹೊಸದೆಂದು ಕಂಡರೆ ಚೌಕಿಯಲ್ಲಿ ಹಿಡಿಯುತ್ತಾರೆ. ನಾವು ತಂದದ್ದು ಭಾವನನ್ನು ಮಾತ್ರ. ಅಕ್ಕ ಬಾ ಎಂದಳು, ಅವನು ಬಂದ. ಚೌಕಿಯವನು ನನ್ನ ಬಾಯಿ ಮೂಸಿದ, ನಮ್ಮ ಗಂಟು ಬಿಚ್ಚಿಸಿದ. ಭಾವನ ಪೆಟ್ಟಿಗೆಯ ಕಡೆ ಕೈ ಚಾಚಿದವನು, ಅವನ ಮುಖ ನೋಡಿ, ಮುಟ್ಟದೆ ಹೋಗಿ ಹೋಗಿ ಎಂದುಬಿಟ್ಟ. ರೈಲಿನಲ್ಲಿ ಅಕ್ಕ ರೊಟ್ಟಿ ಮುರಿದು ಕೊಟ್ಟಳು, ಕಣ್ಣಾನೂರಿನಲ್ಲಿ ವಡೆ, ಕಾಸರಗೋಡಿನಲ್ಲಿ ಬಾಳೆಹಣ್ಣು. ಭಾವ ಎಲ್ಲವನ್ನೂ ಮೂಸಿ, ಮರ್ಯಾದೆಯಿಂದ ಹಿಂದೆ ಕೊಟ್ಟ. ಎದುರು ಕೂತಿದ್ದ ಬ್ಯಾರಿ ಮುದುಕರೊಬ್ಬರು ಇನ್ನೊಂದು ಡಬ್ಬಿಗೆ ಎದ್ದು ಹೋದರು.

ಮಂಗಳೂರಿನ ಆಚೆ ವಾಮಂಜೂರಿನ ನಮ್ಮ ಮನೆಗೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅಮ್ಮ ಬಾಗಿಲಲ್ಲಿ ಭಾವನನ್ನು ನೋಡಿ ಗೋಡೆ ಹಿಡಿದು ನಿಂತರು. ದೊಡ್ಡಮಾವನಿಗೆ ನಡೆದದ್ದನ್ನೆಲ್ಲ ಹೇಳಿ, ಇದಕ್ಕೆ ಏನಾದರೂ ಪರಿಹಾರ ಉಂಟಾ ಎಂದು ಅಕ್ಕ ಕೇಳಿದಳು. “ಬಡಿಸುವುದಕ್ಕೆ ಕ್ರಮ ಉಂಟು ಮಗಾ. ಬಡಿಸಿದ್ದನ್ನು ವಾಪಾಸು ತೆಗೆಯುವುದಕ್ಕೆ ಕ್ರಮ ಇಲ್ಲ. ಹಿರಿಯರು ಯಾರೂ ಹೇಳಿ ಕೊಡ್ಲಿಲ್ಲ. ತಪ್ಪು ನನ್ನದು” ಎಂದರು. ದೊಡ್ಡಮಾವ ತಪ್ಪೊಪ್ಪಿಕೊಂಡದ್ದನ್ನು ನಾನು ಅದೊಮ್ಮೆ ಮಾತ್ರ ಕೇಳಿದ್ದು.

ಅಮ್ಮ ಊಟಕ್ಕೆ ಎಲೆ ಹಾಕಿದರು. ದೊಡ್ಡಮಾವನಿಗೆ, ನನಗೆ, ಭಾವನಿಗೆ. ಗಂಡನಿಗೆ ಬಡಿಸಿ ಆಮೇಲೆ ಉಣ್ಣುತ್ತೇನೆಂದು ಅಕ್ಕ ನಿಂತಿದ್ದಳು. ಭಾವನ ಮುಖ ನೋಡುವ ಧೈರ್ಯ ಅಮ್ಮನಿಗಿರಲಿಲ್ಲ. ಅನ್ನ, ಸಾರು, ಒಣಮೀನಿನ ಚಟ್ನಿ ಬಡಿಸಿ ಆಗಿತ್ತು. ಆಗ ನಾನು ನೋಡಿದೆ. ಭಾವನ ಎಲೆಯ ತುದಿ ಬಲಕ್ಕಿತ್ತು. ಅವನಿಗೆ ಕೊನೆಯ ಸಲ ಹಾಕಿದ ಹಾಗೆಯೇ ಅಮ್ಮನ ಕೈ ಹಾಕಿಬಿಟ್ಟಿತ್ತು.

ತಿರುಗಿಸಿ ಎಂದು ನಾನು ಬಾಯಿ ತೆರೆಯುವುದರೊಳಗೆ ಭಾವ ಅನ್ನಕ್ಕೆ ಕೈ ಹಾಕಿದ. ಒಂದು ತುತ್ತು, ಎರಡು ತುತ್ತು, ಆಮೇಲೆ ಬಗ್ಗಿ ಗಬಗಬನೆ ತಿನ್ನತೊಡಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ಅತ್ತೆ, ಇನ್ನೂ ಸ್ವಲ್ಪ ಅನ್ನ” ಎಂದ. ಅಮ್ಮ ತಪ್ಪು ತಿಳಿದು, ಅನ್ನದ ಪಾತ್ರೆ ಹಿಡಿದುಕೊಂಡೇ ಅಳಲು ಶುರುಮಾಡಿದರು.

ಅಕ್ಕ ಮೂಲೆಯಿಂದ ಒಂದು ಎಲೆ ತಂದಳು. ಗಂಡನ ಪಕ್ಕದಲ್ಲಿ ಕೂತು, ಅದನ್ನು ತನ್ನ ಮುಂದೆ ಹಾಸಿ ನೀರು ಚಿಮುಕಿಸಿ ಒರೆಸಿದಳು. ಕುತ್ತಿಗೆಯ ಕರಿಮಣಿಯನ್ನು ಸೆರಗಿನೊಳಗೆ ಸರಿಪಡಿಸಿಕೊಂಡಳು. ಆಮೇಲೆ ಎಲೆಯ ತುದಿಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿ, “ನನಗೂ ಬಡಿಸು ಅಮ್ಮ” ಎಂದಳು.